ಟೆಕ್ಸಾಸ್‌ನಲ್ಲಿ ಕಟ್ಟಿದ ಕೋವಿ ನ್ಯೂಜೆರ್ಸಿಗೆ ತರಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಡಲ್ಲಾಸ್ ಹತ್ತಿರ ಫ್ರಿಸ್ಕೋದಲ್ಲಿದ್ದೇನೆ. ಊರು ವಿರಾಜಪೇಟೆ ಕಡೆ. 2018ರಲ್ಲಿ ಗ್ರೀನ್ ಕಾರ್ಡ್ ಬಂತು. ಕೋವಿಡ್ ಸಮಯದಲ್ಲಿ ಮನೆಯಲ್ಲೇ ಕೂತು ಬೇಜಾರಾಗಿ, ಬಿಡಿ ಭಾಗಗಳ ಕಿಟ್ ತರಿಸಿ ಒಂದು ಎಆರ್-15 ರೈಫಲ್, ಒಂದು ಪ್ಲಾಸ್ಟಿಕ್ ಫ್ರೇಮ್‌ನ ಪಿಸ್ತೂಲು ಕಟ್ಟಿದೆ. ಎರಡಕ್ಕೂ ಸೀರಿಯಲ್ ನಂಬರ್ ಇಲ್ಲ. ಇನ್ನೊಂದು ಕಿಟ್ ಇನ್ನೂ ಡಬ್ಬದಲ್ಲೇ ಇದೆ. ಅಂಗಡಿಯಲ್ಲಿ ಕೊಂಡ, ನಂಬರ್ ಇರುವ ಪಿಸ್ತೂಲೂ ಒಂದಿದೆ. ಈಗ ಕಂಪನಿ ನನ್ನನ್ನು ನ್ಯೂಜೆರ್ಸಿಗೆ ಹಾಕಿದೆ. ಎಡಿಸನ್‌ನಲ್ಲಿ ಮನೆ ನೋಡಿದ್ದೇವೆ. ಸಾಮಾನೆಲ್ಲ ಟ್ರಕ್‌ಗೆ ಹಾಕಿ, ಕೋವಿಗಳನ್ನು ಮಾತ್ರ ನಾನೇ ಕಾರಿನಲ್ಲಿ ತರೋಣ ಅಂತಿದ್ದೇನೆ. 'ಮೊದಲೇ ಮಾಡಿದ್ದಕ್ಕೆ ಹೊಸ ಕಾನೂನು ತಟ್ಟಲ್ಲ, ಬೇಕಿದ್ರೆ ಅಲ್ಲಿ ಹೋಗಿ ನಂಬರ್ ಕೆತ್ತಿಸು' ಅಂತ ಸ್ನೇಹಿತರು ಹೇಳುತ್ತಾರೆ. ಹೌದಾ? ಇನ್ನೊಂದು ವಿಷಯ. ನನ್ನ ತಮ್ಮ ಎಚ್-1ಬಿ ಮೇಲೆ ಬಂದು ನಮ್ಮ ಜೊತೆಯೇ ಇದ್ದಾನೆ. ಅವನಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ನಮಸ್ಕಾರ. ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಆ ರೈಫಲ್, ಆ ಪ್ಲಾಸ್ಟಿಕ್ ಫ್ರೇಮ್‌ನ ಪಿಸ್ತೂಲು, ಆ ಡಬ್ಬ, ಈ ಮೂರೂ ನ್ಯೂಜೆರ್ಸಿಗೆ ಬರಬಾರದು. ಅಲ್ಲಿ ಹೋಗಿ ನಂಬರ್ ಕೆತ್ತಿಸೋಣ ಅನ್ನುವ ಯೋಚನೆಯನ್ನೂ ಬಿಡಿ. ಅಲ್ಲಿ ಕಾಲಿಟ್ಟ ಕ್ಷಣಕ್ಕೇ ಅಪರಾಧ ಆಗಿರುತ್ತದೆ. ಇವುಗಳ ವಿಲೇವಾರಿ ಟೆಕ್ಸಾಸ್‌ನಲ್ಲೇ, ನೀವು ಟೆಕ್ಸಾಸ್ ನಿವಾಸಿ ಆಗಿರುವಾಗಲೇ ಆಗಬೇಕು. ಸ್ನೇಹಿತರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅವರ ಮಾತು ನಂಬಿ ಹೊರಟರೆ ನೀವು ಕಳೆದುಕೊಳ್ಳುವುದು ಕೋವಿ ಒಂದನ್ನೇ ಅಲ್ಲ, ಗ್ರೀನ್ ಕಾರ್ಡನ್ನೂ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ವಿರಾಜಪೇಟೆ ಕಡೆಯವರು ಅಂದಿರಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಕೈಮುಗಿಯುವ ಮನೆಗಳಿರುವ ಜಾಗ. ಕೊಡವರಿಗೆ ಮತ್ತು ಜಮ್ಮಾ, ಅಂದರೆ ಕೊಡಗಿನ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಉಳಿದ ಕಡೆ ಕೋವಿ ಅಂದರೆ ಮೊದಲು ಕಾಗದ. ಯಾರ ಹೆಸರಿಗೆ, ಎಷ್ಟು ತೋಟಾ, ಕೋವಿಯ ನಂಬರ್ ಯಾವುದು, ಎಲ್ಲ ಅದರಲ್ಲೇ ಇರುತ್ತದೆ. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಜಮಾ ಮಾಡಿ ರಸೀದಿ ತರುತ್ತಾರೆ. ಈ ಅಭ್ಯಾಸದಲ್ಲಿ ಬೆಳೆದವರಿಗೆ ಟೆಕ್ಸಾಸ್ ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ರಾಜ್ಯದ ನೋಂದಣಿ ಪುಸ್ತಕವೂ ಇಲ್ಲ. ಕೋವಿಗೆ ಇರುವ ಗುರುತು ಒಂದೇ, ಲೋಹದ ಮೇಲೆ ಕೆತ್ತಿದ ಆ ನಂಬರ್. ಗಾಡಿಗೆ ಆರ್‌ಸಿಯೂ ಇಲ್ಲ, ನಂಬರ್ ಪ್ಲೇಟೂ ಇಲ್ಲ, ಚಾಸಿ ನಂಬರ್ ಮಾತ್ರ ಇದೆ ಅಂದುಕೊಳ್ಳಿ. ನೀವು ಕಟ್ಟಿದ ಎರಡರಲ್ಲಿ ಅದೂ ಇಲ್ಲ.

ಆ ನಂಬರಿಗೆ ಯಾಕಿಷ್ಟು ಬೆಲೆ? ಒಂದು ಕೊಲೆಯಾದ ಜಾಗದಲ್ಲಿ ಪಿಸ್ತೂಲು ಸಿಕ್ಕಿತು ಅನ್ನಿ. ಪೊಲೀಸರು ನಂಬರನ್ನು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಎಟಿಎಫ್ ಕೇಂದ್ರಕ್ಕೆ ಕಳಿಸುತ್ತಾರೆ. ಎಟಿಎಫ್ ಅಂದರೆ ಬಂದೂಕು, ಸ್ಫೋಟಕಗಳ ಉಸ್ತುವಾರಿ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿಂದ ಮೊದಲು ತಯಾರಕರನ್ನು ಕೇಳುತ್ತಾರೆ, ಅವರು ಹೋಲ್‌ಸೇಲ್ ವ್ಯಾಪಾರಿಯನ್ನು ತೋರಿಸುತ್ತಾರೆ, ಅವನು ಅಂಗಡಿಯನ್ನು, ಅಂಗಡಿಯವನು ಮೊದಲು ಕೊಂಡವನನ್ನು. ಹೀಗೆ ಒಬ್ಬರಿಂದ ಒಬ್ಬರಿಗೆ ಹೋಗಿಯೇ ಹುಡುಕಬೇಕು. ಹೆಸರು ಹೊಡೆದರೆ ಕೋವಿ ತೋರಿಸುವ ದೇಶದ ಪಟ್ಟಿ ಇಲ್ಲ, ಅದನ್ನು ಮಾಡಬಾರದು ಅಂತ 1986ರ ಕಾನೂನೇ ಹೇಳುತ್ತದೆ. ನಂಬರ್ ಇಲ್ಲದಿದ್ದರೆ ಈ ಹುಡುಕಾಟ ಶುರುವಾಗುವ ಮೊದಲೇ ನಿಂತುಹೋಗುತ್ತದೆ. ಅದಕ್ಕೇ ಘೋಸ್ಟ್ ಗನ್ ಅನ್ನುವ ಹೆಸರು. ಪತ್ತೆ ಮಾಡಿಕೊಡಿ ಎಂದು ಪೊಲೀಸರಿಂದ ಬಂದ ಇಂಥ ಕೋವಿಗಳು 2017ರಲ್ಲಿ ಸುಮಾರು 1,600. 2021ರಲ್ಲಿ 19,000ಕ್ಕೂ ಜಾಸ್ತಿ. ನಾಲ್ಕೇ ವರ್ಷ. ರಾಜ್ಯಗಳು ಒಂದರ ಹಿಂದೆ ಒಂದು ಕಾನೂನು ತಂದದ್ದು ಈ ಅವಧಿಯಲ್ಲಿ ಮತ್ತು ಅದರ ಬೆನ್ನಿಗೇ.

ಇಲ್ಲಿ ನಿಮ್ಮ ಪರವಾಗಿ ಒಂದು ಮಾತು ಹೇಳಬೇಕು. 2020ರಲ್ಲಿ ಟೆಕ್ಸಾಸ್‌ನಲ್ಲಿ, ಗ್ರೀನ್ ಕಾರ್ಡ್ ಇದ್ದ ನೀವು, ನಿಮ್ಮ ಸ್ವಂತಕ್ಕೆ ಕೋವಿ ಕಟ್ಟಿಕೊಂಡದ್ದು ಅಪರಾಧ ಆಗಿರಲಿಲ್ಲ. 1968ರ ಗನ್ ಕಂಟ್ರೋಲ್ ಕಾಯ್ದೆ ನಂಬರ್ ಹಾಕಬೇಕು ಅನ್ನುವುದು ಲೈಸೆನ್ಸ್ ಇರುವ ತಯಾರಕರಿಗೆ, ಆಮದುದಾರರಿಗೆ. ಮಾರಲು ಮಾಡಿದರೆ ಲೈಸೆನ್ಸ್ ಬೇಕು, ತನಗಾಗಿ ಮಾಡಿಕೊಂಡರೆ ಬೇಡ. ಟೆಕ್ಸಾಸ್‌ನಲ್ಲಿ ಇದರ ಮೇಲೆ ಬೇರೆ ರಾಜ್ಯ ಕಾನೂನೂ ಇಲ್ಲ. ನೀವು ಕಳ್ಳತನದ ಕೆಲಸ ಏನೂ ಮಾಡಿಲ್ಲ, ಆ ಅಳುಕು ಬೇಡ.

ಇದ್ದ ನಂಬರನ್ನು ಉಜ್ಜಿ ತೆಗೆಯುವುದು ಮಾತ್ರ ಬೇರೆಯೇ ವಿಷಯ. ಅಂಥದ್ದನ್ನು ಇಟ್ಟುಕೊಂಡರೆ ಇಡೀ ದೇಶದಲ್ಲಿ ಎಲ್ಲೇ ಆದರೂ ಅಪರಾಧ, 5 ವರ್ಷದವರೆಗೆ ಜೈಲು. 1968ಕ್ಕೆ ಮೊದಲು ಎಷ್ಟೋ .22 ರೈಫಲ್‌ಗಳು, ಶಾಟ್‌ಗನ್‌ಗಳು ನಂಬರ್ ಇಲ್ಲದೆಯೇ ಕಾರ್ಖಾನೆಯಿಂದ ಬರುತ್ತಿದ್ದವು. ಅಂಥ ಹಳೆಯದಕ್ಕೆ ಬಹಳ ರಾಜ್ಯಗಳು ವಿನಾಯಿತಿ ಕೊಟ್ಟಿವೆ. ನಿಮ್ಮದು ಈ ಎರಡೂ ಅಲ್ಲ.

'ಮೊದಲೇ ಮಾಡಿದ್ದಕ್ಕೆ ತಟ್ಟಲ್ಲ' ಅನ್ನುವ ಮಾತು ಎಲ್ಲಿಂದ ಹುಟ್ಟಿತು ಅಂತ ನನಗೆ ಗೊತ್ತು. 2022ರಲ್ಲಿ ಎಟಿಎಫ್ ಒಂದು ನಿಯಮ ತಂದಿತು, ಆ ವರ್ಷದ ಆಗಸ್ಟ್ 24ರಿಂದ ಜಾರಿಗೆ ಬಂತು. ಸುಲಭವಾಗಿ ಕೋವಿ ಆಗುವ ಕಿಟ್‌ಗಳೂ ಕೋವಿಯೇ, ಅವನ್ನು ಮಾರುವವರಿಗೆ ಲೈಸೆನ್ಸ್ ಬೇಕು, ನಂಬರ್ ಹಾಕಬೇಕು, ಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡಬೇಕು ಅಂತ. ಇದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2025ರ ಮಾರ್ಚ್ 26ರಂದು ಕೋರ್ಟ್ 7-2ರಲ್ಲಿ ನಿಯಮವನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗೋರ್ಸಚ್. ಮೊದಲ ಸಲ ಕಿಟ್ ನೋಡಿದವನೊಬ್ಬ ಸಾಮಾನ್ಯ ಉಪಕರಣ ಹಿಡಿದು, ಯೂಟ್ಯೂಬ್ ನೋಡಿಕೊಂಡು 21 ನಿಮಿಷದಲ್ಲಿ ಪಿಸ್ತೂಲು ಕಟ್ಟಿದ ಅಂತ ಅದರಲ್ಲಿ ಬರೆದಿದ್ದಾರೆ. ಈಗ ಗಮನಿಸಿ. ಆ ನಿಯಮ ಇರುವುದು ವ್ಯಾಪಾರಿಗಳಿಗೆ. ಮನೆಯಲ್ಲಿ ಮೊದಲೇ ಕಟ್ಟಿಟ್ಟುಕೊಂಡವನು ನಂಬರ್ ಹಾಕಲೇಬೇಕು ಅಂತ ಅದು ಹೇಳುವುದಿಲ್ಲ. ಸ್ನೇಹಿತರು ಅದನ್ನು ಓದಿ ನಿಮಗೆ ಧೈರ್ಯ ಹೇಳಿದ್ದಾರೆ. ಕೇಂದ್ರದ ಮಟ್ಟಿಗೆ ಅವರ ಮಾತು ಸರಿ. ಆದರೆ ಕೇಂದ್ರ ಸುಮ್ಮನಿದ್ದ ಕಡೆ ರಾಜ್ಯ ಸುಮ್ಮನಿರಬೇಕು ಅಂತೇನಿಲ್ಲ ಅಲ್ವಾ? ತಪ್ಪಾದದ್ದು ಅಲ್ಲಿ.

ರಾಜ್ಯಗಳ ಕಾನೂನುಗಳು ಒಂದರಂತೆ ಒಂದಿಲ್ಲ. ಕೊಲರಾಡೋ ಮೊದಲೇ ಇದ್ದವರಿಗೆ ದಾರಿ ಬಿಟ್ಟಿತ್ತು. 2024ರ ಜನವರಿ 1ರೊಳಗೆ ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರ ಹೋಗಿ ನಂಬರ್ ಹಾಕಿಸಿಕೊಳ್ಳಿ ಅಂದಿತು. ಇಲಿನಾಯ್ 2022ರ ಮೇ ತಿಂಗಳಲ್ಲಿ ಕಾನೂನು ತಂದು 180 ದಿನ ಕೊಟ್ಟಿತು. ಮೇರಿಲ್ಯಾಂಡ್‌ನಲ್ಲಿ 2023ರ ಮಾರ್ಚ್ 1ರಿಂದ ಇಟ್ಟುಕೊಳ್ಳುವುದೇ ಅಪರಾಧ. ವಾಷಿಂಗ್ಟನ್ ರಾಜ್ಯದಲ್ಲಿ ಅದೇ ತಿಂಗಳ 10ರ ನಂತರ. ಆರೆಗಾನ್‌ನಲ್ಲಿ 2024ರ ಸೆಪ್ಟೆಂಬರ್ 1ರಿಂದ, ಮೊದಲ ಸಲ ದಂಡ, ಮೂರನೇ ಸಲಕ್ಕೆ ಫೆಲೊನಿ, ಅಂದರೆ ದೊಡ್ಡ ಅಪರಾಧ. ಮಿನೆಸೋಟದ್ದು ಇನ್ನೊಂದು ಥರ. ನಂಬರ್ ಇಲ್ಲದ ಕೋವಿ ಇರಬಾರದು ಅಂತ ಅಲ್ಲಿ ಹಳೆಯ ಕಾನೂನು ಇದೆ. ಆದರೆ ಕೇಂದ್ರ ಕಾನೂನಿನ ಪ್ರಕಾರ ನಂಬರ್ ಬೇಕಿಲ್ಲದ ಮನೆ ಕೋವಿಗೆ ಅದು ಅನ್ವಯಿಸುವುದಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಹಾಗಾಗಿ 'ಅಮೆರಿಕಾದಲ್ಲಿ ನಡೆಯುತ್ತೆ' ಅನ್ನುವ ಮಾತಿಗೆ ಅರ್ಥವೇ ಇಲ್ಲ. ಯಾವ ರಾಜ್ಯ, ಯಾವ ತಾರೀಖು ಅಂತಲೇ ಕೇಳಬೇಕು.

ಹೀಗೆ ಗಡುವು ಕೊಟ್ಟ ರಾಜ್ಯಗಳ ವಿಷಯದಲ್ಲೂ ಒಂದು ಎಚ್ಚರ. ಆ ಗಡುವುಗಳು ಆಗ ಅಲ್ಲಿದ್ದವರಿಗಾಗಿ ಇಟ್ಟದ್ದು, ಬಹುಪಾಲು ಮುಗಿದೂ ಹೋಗಿವೆ. ಹೊಸದಾಗಿ ಬರುವವರಿಗೆ ದಾರಿ ಇಟ್ಟಿರುವುದು ಅಪರೂಪ. ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದೊಂದಿದೆ. ಅಲ್ಲಿಗೆ ಬಂದವರು 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ಅರ್ಜಿ ಹಾಕಿ ನಂಬರ್ ಪಡೆಯಬೇಕು. ನಿಮ್ಮ ಸ್ನೇಹಿತರು ಯಾರೋ ಕ್ಯಾಲಿಫೋರ್ನಿಯಾದ ಕಥೆ ಕೇಳಿ ನ್ಯೂಜೆರ್ಸಿಗೆ ಅಂಟಿಸಿದ್ದಾರೆ ಅಂತ ನನ್ನ ಗುಮಾನಿ. ಅಲ್ಲೂ ಎಆರ್-15ಗೆ ಅಸಾಲ್ಟ್ ವೆಪನ್ ಕಾನೂನು ಬೇರೆ ಅಡ್ಡ ಬರುತ್ತದೆ, ಅದು ಇಲ್ಲಿ ಬೇಡ.

ಈಗ ನ್ಯೂಜೆರ್ಸಿ. 2018ರ ನವೆಂಬರ್‌ನಲ್ಲಿ ಅಲ್ಲಿನ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾನೂನು, ನಂಬರ್ ಇಲ್ಲದ ಕೋವಿ ಕಟ್ಟಲು ಬಿಡಿ ಭಾಗ ತರಿಸುವುದನ್ನೇ ಅಪರಾಧ ಮಾಡಿತು. 2019ರಲ್ಲಿ ಇನ್ನೊಂದು ಕಾನೂನು ಬಂದು, ಅಂಥ ಕೋವಿ ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಎಲ್ಲವನ್ನೂ ಸೇರಿಸಿತು. ಯಾವಾಗ ಕಟ್ಟಿದ್ದು, ಎಲ್ಲಿ ಕಟ್ಟಿದ್ದು ಅನ್ನುವುದು ಅಲ್ಲಿ ಮುಖ್ಯ ಅಲ್ಲ. ನಿಮ್ಮ ಕೈಯಲ್ಲಿದೆಯಾ, ನಂಬರ್ ಇಲ್ಲವಾ, ಅಷ್ಟೇ. ಜುಲ್ಮಾನೆ ಕಟ್ಟಿ ಮನೆಗೆ ಬರುವ ಕೇಸ್ ಅಲ್ಲ ಇದು, ವರ್ಷಗಟ್ಟಲೆ ಜೈಲು ಆಗಬಹುದಾದದ್ದು.

ಹಾಗಾದರೆ ಟೆಕ್ಸಾಸ್‌ನಲ್ಲೇ ನಂಬರ್ ಕೆತ್ತಿಸಿ ತಂದರೆ? ಈ ಪ್ರಶ್ನೆ ನೀವು ಕೇಳಿಯೇ ಕೇಳುತ್ತೀರಿ. ರೈಫಲ್‌ಗೆ ಅದರಿಂದ ಪ್ರಯೋಜನವೇ ಇಲ್ಲ. ನ್ಯೂಜೆರ್ಸಿಯ ಅಸಾಲ್ಟ್ ಫೈರ್‌ಆರ್ಮ್, ಅಂದರೆ ಸೇನಾ ಮಾದರಿಯ ಕೋವಿಗಳ ಪಟ್ಟಿಯಲ್ಲಿ ಕೋಲ್ಟ್ ಎಆರ್-15 ಹೆಸರು ಹಿಡಿದೇ ಇದೆ, ಅದನ್ನೇ ಹೋಲುವವೂ ಅದರಲ್ಲಿ ಬರುತ್ತವೆ. ನಂಬರ್ ಇದ್ದರೂ ಅದು ಬರುವ ಹಾಗಿಲ್ಲ. ಇನ್ನು ಪಿಸ್ತೂಲು. ಲೈಸೆನ್ಸ್ ಇರುವ ತಯಾರಕರಲ್ಲಿ ದಾಖಲಾದ ನಂಬರ್ ಅಂತ ಅಲ್ಲಿನ ಕಾನೂನು ಹೇಳುತ್ತದೆ. ಅಂಗಡಿಯವನು ಆಮೇಲೆ ಕೆತ್ತಿಕೊಟ್ಟ ನಂಬರ್ ಅದಕ್ಕೆ ಸಾಕು ಅಂತ ವಾದ ಮಾಡಬಹುದು. ಆದರೆ ವಾದ ಮಾಡುವುದು ಕೋರ್ಟಿನಲ್ಲಿ, ಅರೆಸ್ಟ್ ಆದ ಮೇಲೆ. ನನ್ನ ತಮ್ಮನೇ ಕೇಳಿದ್ದರೂ ಆ ಧೈರ್ಯ ಮಾಡು ಅಂತ ನಾನು ಹೇಳುತ್ತಿರಲಿಲ್ಲ.

ಅಂಗಡಿಯಲ್ಲಿ ಕೊಂಡ ನಂಬರ್ ಇರುವ ಪಿಸ್ತೂಲು ಬರಬಹುದು. 2022ರ ಕಾನೂನಿನ ಪ್ರಕಾರ ಹೊಸದಾಗಿ ನೆಲೆಸಲು ಬಂದವರು 60 ದಿನದೊಳಗೆ ಫೈರ್‌ಆರ್ಮ್ಸ್ ಪರ್ಚೇಸರ್ ಐಡಿ ಕಾರ್ಡ್, ಅಂದರೆ ಕೋವಿ ಕೊಳ್ಳುವವರ ಗುರುತಿನ ಚೀಟಿ ಮಾಡಿಸಿ, ಹೊರಗಿಂದ ತಂದ ಪಿಸ್ತೂಲನ್ನು ನೋಂದಾಯಿಸಬೇಕು. ಮ್ಯಾಗಜಿನ್ 10 ಗುಂಡಿಗಿಂತ ಜಾಸ್ತಿ ಹಿಡಿಯುವಂಥದ್ದು ಇರಬಾರದು. ಟೆಕ್ಸಾಸ್‌ನಲ್ಲಿ ಕೊಂಡ ಪಿಸ್ತೂಲಿನ ಜೊತೆ 15, 17 ಗುಂಡಿನ ಮ್ಯಾಗಜಿನ್ ಬಂದಿರುವುದೇ ಜಾಸ್ತಿ, ಅವನ್ನೂ ತೆಗೆದು ನೋಡಿ. ಹೊರಡುವ ಮೊದಲು ನ್ಯೂಜೆರ್ಸಿಯ ವಕೀಲರೊಬ್ಬರಿಗೆ ನಿಮ್ಮ ಪಟ್ಟಿ ಒಮ್ಮೆ ತೋರಿಸಿ, ಒಂದು ಗಂಟೆಯ ಫೀಸ್ ಅಷ್ಟೇ.

ಗ್ರೀನ್ ಕಾರ್ಡ್ ಮಾತಿಗೆ ಬರುತ್ತೇನೆ. ಈ ಉತ್ತರದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಮೆರಿಕಾದಲ್ಲಿ ಹುಟ್ಟಿದವನಿಗೆ ಇಂಥ ಕೇಸ್ ಅಂದರೆ ದಂಡ, ಪ್ರೊಬೇಷನ್, ಹೆಚ್ಚೆಂದರೆ ಜೈಲು. ಗ್ರೀನ್ ಕಾರ್ಡ್ ಇರುವವರಿಗೆ ಅದರ ಮೇಲೆ ಇನ್ನೊಂದು ಇದೆ. ಕೋವಿಯನ್ನು ಯಾವುದೇ ಕಾನೂನಿಗೆ ವಿರುದ್ಧವಾಗಿ ಕೊಂಡದ್ದು, ಮಾರಿದ್ದು, ಇಟ್ಟುಕೊಂಡದ್ದು, ಒಯ್ದದ್ದು ಸಾಬೀತಾದರೆ ಅವರನ್ನು ಗಡೀಪಾರು ಮಾಡಬಹುದು ಅಂತ ವಲಸೆ ಕಾನೂನಿನಲ್ಲಿದೆ. ಅದು ಫೆಲೊನಿಯೇ ಆಗಿರಬೇಕು ಅಂತಿಲ್ಲ, ಚಿಕ್ಕ ಮಿಸ್‌ಡಿಮೀನರ್ ಸಾಕು. ಬಂದು 5 ವರ್ಷ ಆಯಿತು, 10 ವರ್ಷ ಆಯಿತು ಅನ್ನುವ ರಿಯಾಯಿತಿ ಇಲ್ಲ. ಕೋವಿಯ ಬಿಡಿ ಭಾಗಕ್ಕೂ ಈ ಮಾತು ಅನ್ವಯಿಸುತ್ತದೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬರು ಬಂದಿದ್ದರು. ಎರಡು ಮಕ್ಕಳು, ಸ್ವಂತ ಮನೆ. ಬೇರೆ ರಾಜ್ಯದಲ್ಲಿ ಕಾರಿನ ಡಿಕ್ಕಿಯಲ್ಲಿ ಕೋವಿ ಸಿಕ್ಕ ಒಂದು ಸಣ್ಣ ಕೇಸ್. ಅವರ ಕ್ರಿಮಿನಲ್ ವಕೀಲರು ಒಳ್ಳೆಯ ಡೀಲ್ ಅಂತ ಹೇಳಿ ತಪ್ಪೊಪ್ಪಿಗೆ ಮಾಡಿಸಿದ್ದರು. ಒಂದು ವರ್ಷ ಸುಮ್ಮನಿದ್ದರೆ ಕೇಸ್ ವಜಾ, ಜೈಲಿಲ್ಲ. ಒಂದು ವರ್ಷ ಆಯಿತು, ವಜಾ ಆಯಿತು, ಮನೆಯಲ್ಲಿ ಸಿಹಿ ಮಾಡಿದರು. ಆಮೇಲೆ ಅಪ್ಪನ ತಿಥಿಗೆ ಊರಿಗೆ ಹೋಗಿ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆದು ಕೂರಿಸಿದರು. ವಲಸೆ ಕಾನೂನಿನ ಲೆಕ್ಕದಲ್ಲಿ, ತಪ್ಪೊಪ್ಪಿಕೊಂಡು ಕೋರ್ಟ್ ಏನಾದರೊಂದು ಷರತ್ತು ಹಾಕಿದ್ದರೆ ಆಮೇಲೆ ವಜಾ ಆದರೂ ಅದು ಶಿಕ್ಷೆಯೇ. ಆ ಮನುಷ್ಯ ನನ್ನ ಮೇಜಿನ ಮೇಲೆ ಇಟ್ಟದ್ದು ವಜಾ ಆದ ಆದೇಶದ ಪ್ರತಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ. 'ಇದಿದೆಯಲ್ಲ ಮೇಡಂ' ಅಂದರು. ಅದು ಅವರನ್ನು ಕಾಪಾಡುವ ಕಾಗದ ಅಲ್ಲ ಅಂತ ಹೇಳುವುದು ನನಗೆ ಬಹಳ ಕಷ್ಟ ಆಯಿತು. ವಕೀಲರು ಗಡೀಪಾರಿನ ಅಪಾಯವನ್ನು ಕಕ್ಷಿದಾರರಿಗೆ ಹೇಳಲೇಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹೇಳದೆ ಹೋದರೆ ಆಮೇಲೆ ಹೋರಾಡುವ ಪಾಡು ಕಕ್ಷಿದಾರರದು.

ಕಾರಿನಲ್ಲಿ ತರುವ ಯೋಚನೆ ಬಗ್ಗೆಯೂ ಹೇಳುತ್ತೇನೆ. 1986ರ ಕೇಂದ್ರ ಕಾನೂನಿನಲ್ಲಿ ಪ್ರಯಾಣಿಕರಿಗೆ ಒಂದು ರಕ್ಷಣೆ ಇದೆ. ಹೊರಟ ಕಡೆ, ಮುಟ್ಟುವ ಕಡೆ ಎರಡರಲ್ಲೂ ಕೋವಿ ನಿಮ್ಮ ಹತ್ತಿರ ಇರುವುದು ಕಾನೂನುಬದ್ಧವಾಗಿದ್ದರೆ, ಗುಂಡು ತೆಗೆದು, ಕೈಗೆ ಸಿಗದ ಹಾಗೆ ಬೀಗ ಹಾಕಿ, ನಡುವಿನ ರಾಜ್ಯಗಳನ್ನು ದಾಟಬಹುದು. ಗುಂಡಿಗೂ ಇದೇ ಮಾತು. ನಿಮ್ಮ ಅಂಗಡಿ ಪಿಸ್ತೂಲಿಗೆ ಇದು ಆಗಿಬರುತ್ತದೆ. ಕಟ್ಟಿದ ಎರಡಕ್ಕೆ ಆಗುವುದಿಲ್ಲ, ಯಾಕೆಂದರೆ ಮುಟ್ಟುವ ಕಡೆ ಅವು ಅಪರಾಧ. ಹಾಗಾಗಿ ದಾರಿಯಲ್ಲೂ ರಕ್ಷಣೆ ಇಲ್ಲ. ಡಲ್ಲಾಸ್‌ನಿಂದ ಎಡಿಸನ್‌ಗೆ ಬಹಳ ಜನ ಹಿಡಿಯುವ ದಾರಿ ಐ-30, ಐ-40, ಆಮೇಲೆ ಐ-81 ಹೆದ್ದಾರಿ. ಆ ಐ-81 ಮೇರಿಲ್ಯಾಂಡ್‌ನಲ್ಲಿ ಹೋಗುವುದು ಸುಮಾರು 12 ಮೈಲಿ ಮಾತ್ರ. ಕಾಫಿ ಕುಡಿಯಲು ನಿಲ್ಲಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಆ 12 ಮೈಲಿಯಲ್ಲೂ ನೀವು ಮೇರಿಲ್ಯಾಂಡ್ ಕಾನೂನಿನ ಕೈಯಲ್ಲಿರುತ್ತೀರಿ.

ನಂಬರ್ ಇರುವ ಕೋವಿಗೆ ಕೂಡ ಈ ರಕ್ಷಣೆ ಎಷ್ಟು ತೆಳು ಅನ್ನುವುದಕ್ಕೆ ನ್ಯೂಜೆರ್ಸಿಯದೇ ಒಂದು ಕೇಸ್ ಇದೆ. 2005ರಲ್ಲಿ ಯೂಟಾದ ಒಬ್ಬರು ವಿಮಾನದಲ್ಲಿ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ಗೆ ಹೊರಟಿದ್ದರು. ಪಿಸ್ತೂಲನ್ನು ನಿಯಮದ ಪ್ರಕಾರ ಬೀಗ ಹಾಕಿ ಲಗೇಜಿನಲ್ಲಿ ಕೊಟ್ಟಿದ್ದರು. ನ್ಯೂವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಬ್ಯಾಗ್ ಅವರ ಕೈಗೆ ಬಂತು, ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಬೆಳಿಗ್ಗೆ ಬಂದು ಪಿಸ್ತೂಲಿದೆ ಅಂತ ತಾವೇ ಹೇಳಿದರು. ಅಲ್ಲೇ ಅರೆಸ್ಟ್. ರಾಜ್ಯದ ಕೇಸ್ ಆಮೇಲೆ ಬಿದ್ದುಹೋಯಿತು. ಆದರೆ ಅವರು ಹೂಡಿದ ದಾವೆಯಲ್ಲಿ 2010ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಅವರ ಪರ ನಿಲ್ಲಲಿಲ್ಲ. ರಾತ್ರಿ ಬ್ಯಾಗ್ ಅವರ ಕೈಗೆ ಸಿಗುವ ಹಾಗಿತ್ತು, ಹಾಗಾಗಿ ರಕ್ಷಣೆ ಇಲ್ಲ ಅಂತ ಹೇಳಿತು. ಅದಕ್ಕೆ ನನ್ನ ಸಲಹೆ, ಅಂಗಡಿ ಪಿಸ್ತೂಲು ತರುವ ದಿನ ದಾರಿಯಲ್ಲಿ ನೆಂಟರ ಮನೆ, ದೇವಸ್ಥಾನ ಅಂತ ಸುತ್ತಬೇಡಿ. ಅದನ್ನು ಸೀದಾ ಮನೆಗೆ ತನ್ನಿ.

ಹಾಗಾದರೆ ಟೆಕ್ಸಾಸ್‌ನಲ್ಲಿ ಮಾಡಬೇಕಾದ್ದು ಏನು? ನನಗೆ ಸರಿ ಅನ್ನಿಸುವುದು, ಎಫ್‌ಎಫ್‌ಎಲ್ ಅಂದರೆ ಕೇಂದ್ರದ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಗೆ ಎರಡನ್ನೂ ಒಪ್ಪಿಸುವುದು. ಎಲ್ಲರೂ ತೆಗೆದುಕೊಳ್ಳುವುದಿಲ್ಲ, ಮೊದಲೇ ಫೋನ್ ಮಾಡಿ. 'ಮನೆಯಲ್ಲಿ ಕಟ್ಟಿದ್ದು, ನಂಬರ್ ಇಲ್ಲ, ರಾಜ್ಯ ಬಿಡ್ತಿದೀನಿ' ಅಂತ ನೇರವಾಗಿ ಹೇಳಿ. ಅವರಿಗೆ ಇದು ಹೊಸದಲ್ಲ. ಅಂಗಡಿಯ ದಾಸ್ತಾನಿಗೆ ತೆಗೆದುಕೊಂಡರೆ 7 ದಿನದೊಳಗೆ, ಅಥವಾ ಅದಕ್ಕೂ ಮೊದಲು ಬೇರೆಯವರಿಗೆ ಕೊಡುವುದಾದರೆ ಕೊಡುವ ಮೊದಲು, ಅವರು ನಂಬರ್ ಹಾಕಲೇಬೇಕು.

ಆ ಕೆಲಸವನ್ನು ನಾನೊಮ್ಮೆ ನಿಂತು ನೋಡಿದ್ದೇನೆ. ಫ್ರೇಮನ್ನು ಜಿಗ್‌ಗೆ, ಅಂದರೆ ಅಲುಗಾಡದ ಹಾಗೆ ಹಿಡಿದಿಡುವ ಅಚ್ಚಿಗೆ ಸಿಕ್ಕಿಸಿ ಲೇಸರ್ ಕೆಳಗೆ ಇಟ್ಟರು. ಸಣ್ಣ ಸುಟ್ಟ ವಾಸನೆ, ಒಂದೆರಡು ನಿಮಿಷ, ಅಷ್ಟೇ. ಆಮೇಲೆ ಅಂಗಡಿಯವರು ಭೂತಗನ್ನಡಿ ಇಟ್ಟು ಅಕ್ಷರದ ಆಳ ನೋಡಿದರು. ಇಂಚಿನ ಸಾವಿರದ 3 ಭಾಗದಷ್ಟಾದರೂ ಆಳ ಇರಬೇಕು, ಅಕ್ಷರ ಇಂಚಿನ 16ನೇ 1 ಭಾಗಕ್ಕಿಂತ ಚಿಕ್ಕದಾಗಬಾರದು. ನಂಬರಿನ ಮುಂದೆ ಆ ಅಂಗಡಿಯ ಲೈಸೆನ್ಸಿನ ಮೊದಲ ಮೂರು ಮತ್ತು ಕೊನೆಯ ಐದು ಅಂಕಿ ಬರುತ್ತವೆ. ಪ್ಲಾಸ್ಟಿಕ್ ಫ್ರೇಮ್ ಆದರೆ ಒಳಗೆ ಕೂರಿಸಿದ ಲೋಹದ ಪಟ್ಟಿಯ ಮೇಲೆ ಕೆತ್ತಬೇಕು. ನಿಮ್ಮ ಪಿಸ್ತೂಲಿನಲ್ಲಿ ಆ ಪಟ್ಟಿ ಇದೆಯೋ ನೋಡಿ, ಫೋನಿನಲ್ಲೇ ಹೇಳಿ.

ಟೆಕ್ಸಾಸ್‌ನಲ್ಲೇ ಇರುವ ಸ್ನೇಹಿತರಿಗೆ ಕೊಟ್ಟು ಹೋಗಬಹುದಾ? ಅವರಿಗೆ ಕೋವಿ ಇಟ್ಟುಕೊಳ್ಳಲು ಅಡ್ಡಿ ಇಲ್ಲದಿದ್ದರೆ, ನೀವು ಟೆಕ್ಸಾಸ್ ನಿವಾಸಿ ಆಗಿರುವಾಗ ಕೊಡಬಹುದು. ಮಾರಲೆಂದು ಕಟ್ಟಿದ್ದಲ್ಲ, ಹಾಗಾಗಿ ಒಂದೆರಡನ್ನು ಆಮೇಲೆ ಬಿಟ್ಟುಕೊಡುವುದು ತಪ್ಪಾಗುವುದಿಲ್ಲ. ಆದರೂ ಅಂಗಡಿಯ ಮೂಲಕ ಮಾಡಿ. ನಾಳೆ ಅದು ಯಾವ ಕೈ ಸೇರಿ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಅಂಗಡಿಯ ಪುಸ್ತಕದಲ್ಲಿ ನೀವು ಒಪ್ಪಿಸಿದ ತಾರೀಖು ಇದ್ದರೆ ನಿಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ರಸೀದಿಯ ಫೋಟೋ ತೆಗೆದು ಇಟ್ಟುಕೊಳ್ಳಿ. ಸಿಟಿಜನ್‌ಶಿಪ್ ಅರ್ಜಿಯ ದಿನಕ್ಕೂ ಅದು ಇರಲಿ. ನ್ಯೂಜೆರ್ಸಿಗೆ ಹೋದ ಮೇಲೆ ಟೆಕ್ಸಾಸ್ ಸ್ನೇಹಿತರಿಗೆ ನೀವೇ ಕೈಯಾರೆ ಕೊಡುವ ಹಾಗಿಲ್ಲ. ಬೇರೆ ರಾಜ್ಯದವರಿಗೆ ಕೊಡುವುದಾದರೆ ಲೈಸೆನ್ಸ್ ಇರುವ ವ್ಯಾಪಾರಿಯ ಮೂಲಕವೇ ಆಗಬೇಕು. 'ಹೋಗಿ ನೋಡೋಣ, ಆಮೇಲೆ ವಾಪಸ್ ಕಳಿಸೋಣ' ಅನ್ನುವುದು ಆಗದ ಮಾತು.

ಈಗ ನಿಮ್ಮ ತಮ್ಮ. ಅವರ ವಿಷಯ ಟೆಕ್ಸಾಸ್, ನ್ಯೂಜೆರ್ಸಿ ಎರಡಕ್ಕೂ ಒಂದೇ. ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನಲ್ಲೇ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಗೊತ್ತಿದ್ದೂ ಅಂಥವರ ಕೈಗೆ ಕೊಟ್ಟವರ ಮೇಲೂ ಕೇಸ್ ಆಗುತ್ತದೆ. 2022ರಿಂದ ಎರಡಕ್ಕೂ 15 ವರ್ಷದವರೆಗೆ ಜೈಲು. 'ಅವನ ಹೆಸರಲ್ಲಿಲ್ಲ, ನನ್ನದು' ಅಂದರೆ ಸಾಲದು. ಬೀಗದ ಕೀಲಿ ಅವರ ಹತ್ತಿರ ಇದ್ದರೆ, ಸೇಫಿನ ಕೋಡ್ ಅವರಿಗೆ ಗೊತ್ತಿದ್ದರೆ, ಅವರ ಕೈಯಲ್ಲೂ ಇದ್ದ ಹಾಗೆ ಅಂತ ವಾದ ಮಾಡಬಹುದು. ಭಾನುವಾರ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗಿ ನಾಲ್ಕು ಗುಂಡು ಹೊಡೆಸುವುದೂ ಅದೇ. 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಕೇಸ್ ಶುರುವಾದದ್ದೇ ಹಾಗೆ. ಓದಲು ಬಂದು, ಕಾಲೇಜಿನಿಂದ ಹೊರಬಿದ್ದು ವೀಸಾ ಸ್ಥಿತಿ ಕಳೆದುಕೊಂಡಿದ್ದ ಯುವಕನೊಬ್ಬ ಫ್ಲೋರಿಡಾದ ರೇಂಜ್‌ನಲ್ಲಿ ಬಾಡಿಗೆ ಪಿಸ್ತೂಲು ಹಿಡಿದು ಗುಂಡು ಹೊಡೆದಿದ್ದ. ತನ್ನ ಸ್ಥಿತಿ ಆತನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಅಂತ ಕೋರ್ಟ್ ಹೇಳಿತು. ನಿಮ್ಮ ತಮ್ಮನಿಗೆ ತಾನು ಎಚ್-1ಬಿ ಅಂತ ಗೊತ್ತೇ ಇದೆ. ಇವತ್ತೇ ಸೇಫಿನ ಕೋಡ್ ಬದಲಾಯಿಸಿ. ಯಾಕೆ ಅಂತ ಅವರಿಗೂ ಕೂರಿಸಿ ಹೇಳಿ, ಬೇಜಾರು ಮಾಡಿಕೊಳ್ಳುವುದು ಬೇಡ.

ಇನ್ನು ಆ ತೆರೆಯದ ಡಬ್ಬ. ಅರ್ಧ ಮಾಡಿದ ತುಂಡು ಕೋವಿ ಅಲ್ಲವಲ್ಲ, ಸಾಮಾನಿನ ಜೊತೆ ಟ್ರಕ್‌ನಲ್ಲಿ ಹೋಗಲಿ ಅನ್ನಿಸಬಹುದು. ಹಾಗೆ ಮಾಡಬೇಡಿ. ನಂಬರ್ ಇಲ್ಲದ ಫ್ರೇಮ್, ರಿಸೀವರ್, ಅಂದರೆ ಕೋವಿಯ ಮುಖ್ಯ ಚೌಕಟ್ಟಿನ ಭಾಗಗಳ ಮೇಲೂ ನ್ಯೂಜೆರ್ಸಿ ಕಾನೂನು ಕಣ್ಣಿಟ್ಟಿದೆ. ಮೇಲಾಗಿ ಸಾಗಣೆ ಕಂಪನಿಯವರು ಪಟ್ಟಿ ಮಾಡುವಾಗ ಡಬ್ಬ ಬಿಚ್ಚಿದರೆ ಪೊಲೀಸರಿಗೆ ಫೋನ್ ಹೋಗುವುದು ನಿಮ್ಮ ಹೆಸರಿನಲ್ಲೇ. ಎರಡು ಕೋವಿ ಒಪ್ಪಿಸುವ ದಿನವೇ ಅದನ್ನೂ ಅದೇ ಅಂಗಡಿಗೆ ಕೊಡಿ. ಪ್ಯಾಕಿಂಗ್‌ನವರು ಬರುವ ಹಿಂದಿನ ವಾರ ಗ್ಯಾರೇಜಿನ ಟೂಲ್ ಬಾಕ್ಸ್, ಮೇಜಿನ ಡ್ರಾಯರ್, ಅಟ್ಟ ಎಲ್ಲ ಒಮ್ಮೆ ತೆಗೆದು ನೋಡಿ. ಕಟ್ಟುವಾಗ ಉಳಿದ ಜಿಗ್, ಬಿಡಿ ಮ್ಯಾಗಜಿನ್ ಇಂಥ ಕಡೆಯೇ ಮರೆತುಹೋಗಿ ಬಿದ್ದಿರುತ್ತವೆ.